ಕಣ್ಣಳತೆಯ ಯುದ್ಧ

ಇವತ್ತು ನಾನು ಮಾತನಾಡಬೇಕೆಂದಿರುವ ಜಪಾನಿನ ಅನಿಮೇಷನ್ ಸರಣಿ ಒಂದು ಲೆಕ್ಕದಿಂದ ಶುರುವಾಗುತ್ತದೆ. ಮನುಷ್ಯರು ತಮ್ಮ ಹೆಚ್ಚುವರಿ ಜನಸಂಖ್ಯೆಯನ್ನು ಬಾಹ್ಯಾಕಾಶಕ್ಕೆ ಸಾಗಿಸತೊಡಗಿ ಅರ್ಧ ಶತಮಾನ ಕಳೆದಿದೆ, ಭೂಮಿಯ ಸುತ್ತ ತೇಲುವ ದೈತ್ಯ ಉರುಳೆಗಳೇ ಈಗ ಅವರ ಊರುಗಳು. ಭೂಮಿಯಿಂದ ಅತಿ ದೂರದಲ್ಲಿರುವ ವಸಾಹತುಗಳ ಗುಂಪೊಂದು ತನ್ನನ್ನು ಜಿಯೋನ್ ಸಂಸ್ಥಾನವೆಂದು ಕರೆದುಕೊಂಡು ಸ್ವಾತಂತ್ರ್ಯಕ್ಕಾಗಿ ಯುದ್ಧ ಸಾರಿದೆ. ಒಂದು ತಿಂಗಳು ಚಿಲ್ಲರೆ ದಿನಗಳ ಕಾಳಗದಲ್ಲಿ ಎರಡೂ ಪಕ್ಷಗಳು ಸೇರಿ ಮನುಕುಲದ ಅರ್ಧದಷ್ಟು ಮಂದಿಯನ್ನು ಕೊಂದಿವೆ. ನಿರೂಪಕ ಇದನ್ನೆಲ್ಲ ವಾರ್ತೆ ಓದುವವನ ದನಿಯಲ್ಲಿ ಹೇಳಿ ಮುಗಿಸುತ್ತಾನೆ, ನಾವು ಒಬ್ಬ ಹುಡುಗನ ಕೋಣೆಯೊಳಗೆ ಬಂದಿರುತ್ತೇವೆ. ಆ ಹುಡುಗ ಬರೀ ಒಳಉಡುಪಿನಲ್ಲಿ ಕುಳಿತು ಯಾವುದೋ ಯಂತ್ರ ಬಿಚ್ಚಿಕೊಂಡಿದ್ದಾನೆ, ಊಟ ಮಾಡಿಲ್ಲ, ಊರು ಖಾಲಿ ಮಾಡಬೇಕೆಂಬ ಸೂಚನೆ ಬಂದದ್ದೂ ಅವನಿಗೆ ಗೊತ್ತಿಲ್ಲ. ಅರ್ಧ ಮನುಕುಲದ ಸಾವಿಗೂ ಈ ಕೋಣೆಗೂ ನಡುವೆ ಎಷ್ಟು ದೂರವಿದೆ ಎಂಬುದೇ ನನ್ನ ಇಂದಿನ ವಿಷಯ.

ಸರಣಿಯ ಹೆಸರು ‘ಮೊಬೈಲ್ ಸೂಟ್ ಗಂಡಮ್’. ಮುಂದಿನ ಸಾಲಿನ ಹುಡುಗರು ಹೆಸರು ಕೇಳಿ ನಗುತ್ತಿದ್ದಾರೆ. ನಗಬಹುದು, ಆದರೆ ಹಳಗನ್ನಡದಲ್ಲಿ ಗಂಡನೆಂದರೆ ವೀರ, ವಿಜಯನಗರದ ಅರಸರು ‘ಮೂರುರಾಯರ ಗಂಡ’ ಎಂದು ಬಿರುದು ಹೊತ್ತದ್ದು ಆ ಅರ್ಥದಲ್ಲೇ, ಹಾಗಾಗಿ ಹದಿನೆಂಟು ಮೀಟರ್ ಎತ್ತರದ ಕಾದಾಡುವ ಯಂತ್ರವೊಂದಕ್ಕೆ ನಮ್ಮ ಕಿವಿಯಲ್ಲಿ ಈ ಹೆಸರು ಹೊಂದಿಯೇ ಹೊಂದುತ್ತದೆ. ಯೊಶಿಯುಕಿ ತೊಮಿನೊ ಅವರ ನಿರ್ದೇಶನದಲ್ಲಿ ಇದು 1979ರ ಏಪ್ರಿಲ್ 7ರಂದು ಜಪಾನಿನ ಟೆಲಿವಿಷನ್‌ನಲ್ಲಿ ಪ್ರಸಾರ ಶುರುಮಾಡಿತು. 52 ಕಂತುಗಳೆಂದು ಯೋಜಿಸಿದ್ದ ಸರಣಿ ನೋಡುಗರ ಸಂಖ್ಯೆ ಸಾಲದೆ 43ಕ್ಕೇ ಮೊಟಕಾಗಿ, 1980ರ ಜನವರಿಯಲ್ಲಿ ಮುಗಿಯಿತು. ಮರುಪ್ರಸಾರದಲ್ಲಿ ಮತ್ತು 1981-82ರಲ್ಲಿ ಬಂದ ಸಂಕಲಿತ ಚಲನಚಿತ್ರಗಳಲ್ಲಿ ಅದು ಮರುಜನ್ಮ ಪಡೆದ ಕತೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಆಮೇಲೆ ಬೆಳೆದ ಹತ್ತಾರು ಶಾಖೆಗಳ ಗೋಜಿಗೆ ನಾನು ಹೋಗುವುದಿಲ್ಲ. ಮೊದಲ 43 ಕಂತುಗಳೇ ಈ ಹೊತ್ತಿಗೆ ಸಾಕು.

ಕಾಳಗದ ತರ್ಕದಿಂದ ಆರಂಭಿಸೋಣ. ಬಾಹ್ಯಾಕಾಶದಲ್ಲಿ ಯುದ್ಧವೆಂದರೆ ನಿಜದಲ್ಲಿ ಬಹಳ ಬೇಸರದ ಸಂಗತಿಯಾಗಿರುತ್ತದೆ. ಅಲ್ಲಿ ಮರೆಯಿಲ್ಲ, ಗುಡ್ಡವಿಲ್ಲ, ಮೋಡವಿಲ್ಲ. ಬಿಸಿಯಾದ ಎಂಜಿನ್ನು ಸಾವಿರಾರು ಕಿಲೋಮೀಟರ್ ದೂರಕ್ಕೂ ದೀಪದಂತೆ ಕಾಣುತ್ತದೆ. ಮೊದಲು ಕಂಡವನು ಕ್ಷಿಪಣಿ ಬಿಟ್ಟು ಕಾಯುತ್ತಾನೆ, ಅಷ್ಟೇ. ಅಲ್ಲಿ ಕತ್ತಿ ಹಿಡಿದ ಯಂತ್ರಮಾನವನಿಗೆ ಕೆಲಸವಿಲ್ಲ. ಈ ಸರಣಿ ಮಾಡಿದವರಿಗೆ ಅದು ಗೊತ್ತಿತ್ತು, ಆದ್ದರಿಂದಲೇ ಅವರು ಮಿನೊವ್ಸ್ಕಿ ಕಣವೆಂಬ ಒಂದು ಕಲ್ಪಿತ ಕಣವನ್ನು ತಂದರು. ಅದನ್ನು ರಣರಂಗದಲ್ಲಿ ಚೆಲ್ಲಿದರೆ ರೇಡಾರ್ ಕುರುಡಾಗುತ್ತದೆ, ದೂರದ ರೇಡಿಯೊ ಕಿವುಡಾಗುತ್ತದೆ, ಕ್ಷಿಪಣಿಗೆ ದಿಕ್ಕು ತಪ್ಪುತ್ತದೆ. ಉಳಿಯುವುದು ಕಣ್ಣು ಮಾತ್ರ. ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದೇ ಹೊಡೆಯಬೇಕೆಂದಾದಾಗ ಚುರುಕಾಗಿ ತಿರುಗುವ, ಕೈಯಲ್ಲಿ ಆಯುಧ ಹಿಡಿಯಬಲ್ಲ ಯಂತ್ರಕ್ಕೆ ಒಂದು ನ್ಯಾಯ ಒದಗುತ್ತದೆ. ಜಿಯೋನಿನವರು ಇದನ್ನು ಮೊದಲು ಅರಿತು ಝಾಕು ಎಂಬ ಒಂಟಿಗಣ್ಣಿನ ಯಂತ್ರವನ್ನು ಕಟ್ಟಿದ್ದರಿಂದಲೇ, ಸಂಖ್ಯೆಯಲ್ಲಿ ಎಷ್ಟೋ ದೊಡ್ಡದಾದ ಭೂಮಿಯ ಒಕ್ಕೂಟವನ್ನು ಅವರು ಮಂಡಿಯೂರಿಸಿದರು ಎಂಬುದು ಕತೆಯ ವಾದ. ಒಂದು ಸುಳ್ಳನ್ನು ಮಾತ್ರ ಕೇಳಿ ಪಡೆದು, ಉಳಿದದ್ದನ್ನೆಲ್ಲ ಅದರಿಂದ ನ್ಯಾಯವಾಗಿ ಎಳೆದು ತರುವ ಈ ಕ್ರಮ ನನಗೆ ಬಹಳ ಇಷ್ಟವಾಗುತ್ತದೆ.

ಆದರೆ ಆ ಸುಳ್ಳು ಎಲ್ಲಿಂದ ಬಂತು? ಇಲ್ಲಿ ನನ್ನದೊಂದು ಊಹೆಯಿದೆ, ಊಹೆಯೆಂದೇ ತೆಗೆದುಕೊಳ್ಳಿ. 1942ರ ಆಗಸ್ಟ್‌ನಲ್ಲಿ ಸಾವೊ ದ್ವೀಪದ ಬಳಿ ಜಪಾನಿನ ನೌಕಾಪಡೆ ಒಂದೇ ರಾತ್ರಿಯಲ್ಲಿ ಮಿತ್ರಪಕ್ಷದ ನಾಲ್ಕು ದೊಡ್ಡ ಕ್ರೂಸರ್‌ಗಳನ್ನು ಮುಳುಗಿಸಿತು. ಎದುರಾಳಿಗಳ ಕಾವಲು ಹಡಗಿನಲ್ಲಿ ರೇಡಾರ್ ಇದ್ದೂ ಅದು ಶತ್ರುವನ್ನು ಹಿಡಿಯಲಿಲ್ಲ, ರಾತ್ರಿಯ ಕಾವಲಿಗೆಂದು ಪಳಗಿಸಿದ ಜಪಾನೀ ನಾವಿಕರ ಕಣ್ಣು ಹಿಡಿಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಲೋಕ ಮಗುಚಿಬಿತ್ತು. 1944ರ ಜೂನ್‌ನಲ್ಲಿ ಫಿಲಿಪ್ಪೀನ್ ಸಮುದ್ರದ ಕಾಳಗದಲ್ಲಿ ಅಮೆರಿಕದ ರೇಡಾರ್ ಜಪಾನಿನ ವಿಮಾನಗಳನ್ನು ದೂರದಲ್ಲೇ ಗುರುತಿಸಿ ತನ್ನ ವಿಮಾನಗಳನ್ನು ಎತ್ತರದಲ್ಲಿ ಕಾಯಿಸಿಟ್ಟಿತು, ನೂರಾರು ಪೈಲಟ್‌ಗಳು ತಾವು ಯಾರೊಡನೆ ಕಾದಾಡುತ್ತಿದ್ದೇವೆಂದು ನೋಡುವ ಮೊದಲೇ ಸತ್ತರು. ತೊಮಿನೊ ಹುಟ್ಟಿದ್ದು 1941ರಲ್ಲಿ. ರೇಡಾರನ್ನು ಕುರುಡಾಗಿಸುವ ಕಣವೊಂದನ್ನು ಆ ಪೀಳಿಗೆಯವರು ಕಲ್ಪಿಸಿಕೊಂಡದ್ದು ಬರೀ ಕತೆಯ ಅನುಕೂಲಕ್ಕಾಗಿ ಎಂದು ನಂಬಲು ನನಗೆ ಮನಸ್ಸಾಗುವುದಿಲ್ಲ. ಶೂರನಿಗೆ ಶೂರನ ಮುಖ ಕಾಣುವ ಯುದ್ಧವೊಂದು ಮತ್ತೆ ಬೇಕೆಂಬ ಹಳೆಯ ಆಸೆ ಅದರಲ್ಲಿದೆ.

ತರ್ಕ ಸಡಿಲವಾಗುವ ಕಡೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನಿರ್ವಾತದಲ್ಲಿ ಸದ್ದು ಕೇಳುವುದು ಎಲ್ಲ ಸರಣಿಗಳಿಗೂ ಇರುವ ರೋಗ, ಅದನ್ನು ಬಿಟ್ಟುಬಿಡೋಣ. ಕಾಲುಗಳ ವಿಷಯ ಸ್ವಾರಸ್ಯವಾದದ್ದು. ತೂಕವಿಲ್ಲದ ಕಡೆ ಕಾಲು ಏಕೆ ಎಂದು ನೀವು ಕೇಳಬಹುದು. ಬೀಳುವ ಬೆಕ್ಕು ಮೈ ಹೊರಳಿಸುವಂತೆ ಕೈಕಾಲು ಬೀಸಿ ಇಂಧನವಿಲ್ಲದೆ ದಿಕ್ಕು ಬದಲಿಸಬಹುದೆಂಬ ಸಮಜಾಯಿಷಿಯನ್ನು ಸರಣಿ ಮುಗಿದ ಮೇಲೆ ಬರೆದು ಸೇರಿಸಿದರು, ಭೌತಶಾಸ್ತ್ರದಲ್ಲಿ ಅದು ತಪ್ಪೂ ಅಲ್ಲ. ಆದರೆ ಸರಣಿಯೇ ಕೊನೆಯ ಕಂತುಗಳಲ್ಲಿ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಕಾಲಿಲ್ಲದ ಹೊಸ ಯಂತ್ರವೊಂದನ್ನು ಕಂಡು ಅನುಮಾನಿಸುವ ಶಾರ್ ಎಂಬ ಜಿಯೋನ್ ಸೇನಾನಿಗೆ ಅಲ್ಲಿನ ತಂತ್ರಜ್ಞ ಹೇಳುತ್ತಾನೆ: ಕಾಲು ಬರೀ ಅಲಂಕಾರ, ಮೇಲಿನವರಿಗೆ ಅದು ಅರ್ಥವಾಗುವುದಿಲ್ಲ. ಆಟಿಕೆ ಕಂಪನಿಯ ದುಡ್ಡಿನಲ್ಲಿ ನಡೆಯುತ್ತಿದ್ದ ಸರಣಿಯ ಬರಹಗಾರರು ಈ ಮಾತನ್ನು ಯಾರನ್ನು ನೆನೆದು ಬರೆದರೋ!

ಇನ್ನೊಂದು ಸಡಿಲು ಮಾತಿನದು. ರೇಡಿಯೊ ಕೆಟ್ಟಿದೆಯೆಂದು ಹೇಳಿದ ಮೇಲೆ, ಎದುರಾಳಿಗಳಿಬ್ಬರು ಕತ್ತಿ ಮಸೆಯುತ್ತ ಒಬ್ಬರಿಗೊಬ್ಬರು ಅಷ್ಟುದ್ದ ಮಾತನಾಡುವುದು ಹೇಗೆ? ಯಕ್ಷಗಾನ ನೋಡಿ ಬೆಳೆದ ನನಗೆ ಇದು ಕೊರತೆಯೆಂದು ಮೊದಲು ಹೊಳೆಯಲೇ ಇಲ್ಲ. ರಂಗದ ಮೇಲೆ ಅರ್ಜುನನೂ ಸುಧನ್ವನೂ ಬಾಣ ಹೂಡುವ ಮೊದಲು ಅರ್ಧ ತಾಸು ವಾದ ಮಾಡಿದರೆ ಯಾರೂ ತಕರಾರು ತೆಗೆಯುವುದಿಲ್ಲ, ಏಕೆಂದರೆ ಅಲ್ಲಿ ಯುದ್ಧವೆಂದರೆ ವಾದವೇ. ಗಂಡಮ್ ಮಾತ್ರ ತಾನೊಂದು ಪೌರಾಣಿಕ ಪ್ರಸಂಗವಲ್ಲ, ಸೇನೆಯ ವರದಿ ಎಂಬ ಭಂಗಿಯಲ್ಲಿ ಶುರುವಾದದ್ದು. ಹಾಗಾಗಿ ಅದರ ಮಾತುಗಾರ ವೀರರು ಕೆಲವೊಮ್ಮೆ ವೇಷ ಬದಲಿಸಲು ಮರೆತವರಂತೆ ಕಾಣುತ್ತಾರೆ.

ಈಗ ಮೊದಲ ಕಂತಿನ ಕಾಳಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಈ ಸರಣಿಯ ಬಲವೂ ಕೊರತೆಯೂ ಒಟ್ಟಿಗೆ ಅಲ್ಲಿವೆ. ಜಿಯೋನಿನ ಝಾಕುಗಳು ವಸಾಹತಿನ ಒಳಗೆ ನುಗ್ಗಿವೆ. ಪಕ್ಕದ ಮನೆಯ ಹುಡುಗಿ ಫ್ರಾ ಬೋಳ ತಾಯಿಯೂ ಅಜ್ಜನೂ ಅವಳ ಕಣ್ಣೆದುರೇ ಸತ್ತಿದ್ದಾರೆ. ಆರಂಭದಲ್ಲಿ ಕೋಣೆಯಲ್ಲಿ ಕಂಡ ಆ ಹುಡುಗ, ಹದಿನೈದು ವರ್ಷದ ಅಮುರೊ, ತನ್ನ ತಂದೆ ವಿನ್ಯಾಸ ಮಾಡಿದ ಗಂಡಮ್‌ನೊಳಗೆ ಹತ್ತಿ, ಕೈಪಿಡಿಯ ಪುಟ ತಿರುವುತ್ತ ಅದನ್ನು ಎಬ್ಬಿಸಿ ನಿಲ್ಲಿಸುತ್ತಾನೆ. ಮೊದಲ ಝಾಕುವನ್ನು ಅವನು ಬೆಳಕಿನ ಕತ್ತಿಯಿಂದ ಸೀಳಿದಾಗ ಅದರ ಎಂಜಿನ್ನು ಸಿಡಿಯುತ್ತದೆ, ವಸಾಹತಿನ ಗೋಡೆಗೆ ತೂತು ಬೀಳುತ್ತದೆ, ಅಲ್ಲೇ ಇದ್ದ ಅವನ ತಂದೆ ಆ ತೂತಿನಿಂದ ಹೊರಗಿನ ಶೂನ್ಯಕ್ಕೆ ಎಸೆಯಲ್ಪಡುತ್ತಾನೆ.

ನಾನು ವೃತ್ತಿಯಲ್ಲಿ ಭೌತಶಾಸ್ತ್ರ ಕಲಿಸುವವನಾದ್ದರಿಂದ ಈ ತೂತಿನ ಲೆಕ್ಕ ಮಾಡದೆ ಬಿಡಲಾಗಲಿಲ್ಲ. ವಸಾಹತು ಆರು ಕಿಲೋಮೀಟರ್ ಅಗಲ, ಮೂವತ್ತು ಕಿಲೋಮೀಟರ್ ಉದ್ದದ ಉರುಳೆ ಎಂದಿಟ್ಟುಕೊಳ್ಳಿ. ಅದರೊಳಗೆ ಎಂಟು ನೂರಕ್ಕೂ ಹೆಚ್ಚು ಘನ ಕಿಲೋಮೀಟರ್ ಗಾಳಿಯಿದೆ. ತೂತಿನ ಅಗಲ ಇಪ್ಪತ್ತು ಮೀಟರ್ ಎಂದರೆ, ಸೆಕೆಂಡಿಗೆ ಸುಮಾರು ಅರವತ್ತು ಸಾವಿರ ಘನ ಮೀಟರ್ ಗಾಳಿ ಹೊರಹೋಗುತ್ತದೆ. ಭಯಂಕರವೆನಿಸುತ್ತದೆ, ಆದರೆ ಭಾಗಿಸಿ ನೋಡಿ: ಒಳಗಿನ ಗಾಳಿ ಅರ್ಧಕ್ಕಿಳಿಯಲು ಮೂರು ತಿಂಗಳಿಗೂ ಹೆಚ್ಚು ಕಾಲ ಬೇಕು. ತೂತಿನ ಬಾಯಲ್ಲಿ ನಿಂತವನನ್ನು ಅದು ನುಂಗುವುದು ಖಂಡಿತ. ನೂರು ಮೀಟರ್ ಈಚೆ ನಿಂತವನಿಗೆ ಮಾತ್ರ ಸೆಕೆಂಡಿಗೆ ಒಂದು ಮೀಟರಿನ ತಂಗಾಳಿ ಬೀಸಿದಂತಾಗುತ್ತದೆ, ತಲೆಗೂದಲು ಅಲುಗಬಹುದು. ಊರು ನಿಧಾನವಾಗಿ ಸಾಯುತ್ತದೆ. ಹತ್ತಿರದವನು ತಕ್ಷಣ ಸಾಯುತ್ತಾನೆ. ಸರಣಿಯಲ್ಲಿ ಕಾಣುವ ತರಾತುರಿ ಲೆಕ್ಕಕ್ಕೆ ಹೊಂದುವುದಿಲ್ಲವಾದರೂ, ಎಸೆಯಲ್ಪಟ್ಟವನು ತಂದೆಯೊಬ್ಬನೇ ಎಂಬುದನ್ನು ನೋಡಿದರೆ ಬರೆದವರು ದೂರದ ಈ ನಿಯಮವನ್ನು ಲೆಕ್ಕವಿಲ್ಲದೆಯೇ ಬಲ್ಲವರಾಗಿದ್ದರು ಎನ್ನಿಸುತ್ತದೆ.

ಆಮೇಲಿನದು ಇನ್ನೂ ಮುಖ್ಯ. ಎರಡನೆಯ ಝಾಕು ಮುನ್ನುಗ್ಗಿ ಬರುವಾಗ ಅಮುರೊ ಯೋಚಿಸುತ್ತಾನೆ: ಎಂಜಿನ್ನು ಸಿಡಿಯಬಾರದು, ಹಾಗಾದರೆ ಒಳಗೆ ಕೂತ ಪೈಲಟ್‌ನನ್ನು ಮಾತ್ರ ಕೊಲ್ಲಬೇಕು. ಕತ್ತಿಯ ಮೊನೆ ಆ ಯಂತ್ರದ ಎದೆಯ ಬಾಗಿಲಿಗೆ ನೇರವಾಗಿ ಇಳಿಯುತ್ತದೆ, ಯಂತ್ರ ಸಿಡಿಯದೆ ನಿಂತಲ್ಲೇ ಕುಸಿಯುತ್ತದೆ. ಊರನ್ನು ಉಳಿಸುವ ಸರಿಯಾದ ನಿರ್ಧಾರ ಅದು. ಅದೇ ನಿರ್ಧಾರ ಒಬ್ಬ ಮನುಷ್ಯನನ್ನು ಗುರಿಯಿಟ್ಟು ಕೊಲ್ಲುವುದೂ ಹೌದು. ಯಂತ್ರ ಯಂತ್ರವನ್ನು ಒಡೆಯುತ್ತಿದೆ ಎಂದು ಇಪ್ಪತ್ತು ನಿಮಿಷ ನೋಡಿ ಖುಷಿಪಡಬೇಕಾಗಿದ್ದ ಮಗುವಿಗೆ, ಒಳಗೆ ಒಬ್ಬನಿದ್ದಾನೆ ಎಂದು ಯುದ್ಧತಂತ್ರದ ಮೂಲಕವೇ ಹೇಳಿಕೊಡುವ ಈ ಗಳಿಗೆಗೆ ಸಮನಾದದ್ದನ್ನು ಆ ಕಾಲದ ಮಕ್ಕಳ ಸರಣಿಗಳಲ್ಲಿ ನಾನು ಕಂಡಿಲ್ಲ. ಇಲ್ಲಿ ಕಾಳಗದ ತರ್ಕ ಮತ್ತು ನೈತಿಕತೆಯ ತರ್ಕ ಎರಡೂ ಒಂದೇ ಬಾಗಿಲಿನಿಂದ ಒಳಬರುತ್ತವೆ.

ಹೀಗೆ ಹತ್ತಿರದಲ್ಲಿದ್ದಾಗಲೆಲ್ಲ ಸರಣಿ ಸುಳ್ಳಾಡುವುದಿಲ್ಲ. ಅಮುರೊ ಇರುವ, ವೈಟ್ ಬೇಸ್ ಎಂಬ ಹಾರುವ ಹಡಗು ಏಷ್ಯಾದ ಒಳನಾಡು ದಾಟುವಾಗ ಅಡುಗೆಯವನು ಬಂದು ಉಪ್ಪು ಮುಗಿಯುತ್ತಿದೆ ಎನ್ನುತ್ತಾನೆ, ಆ ಕಂತಿನಲ್ಲಿ ಲೋಕದ ಅತ್ಯಾಧುನಿಕ ಯುದ್ಧನೌಕೆ ಉಪ್ಪು ಹುಡುಕುತ್ತ ತಿರುಗುತ್ತದೆ. ಉಪ್ಪಿಗಿಂತ ರುಚಿಯಿಲ್ಲ ಎಂದು ನಾವು ಊಟದೆದುರು ಹೇಳುವ ಮಾತು ಅಲ್ಲಿ ರಣನೀತಿಯಾಗುತ್ತದೆ. ಬಾಹ್ಯಾಕಾಶದ ಎಷ್ಟೋ ಸರಣಿಗಳಲ್ಲಿ ಯೋಧರು ಏನು ತಿನ್ನುತ್ತಾರೆಂಬುದೇ ನಮಗೆ ತಿಳಿಯದು.

ಈಗ ಕತ್ತಲಿನ ಕಡೆಗೆ. ಹಡಗಿನ ಕಪ್ತಾನ ಬ್ರೈಟ್‌ಗೆ ಹತ್ತೊಂಬತ್ತು ವರ್ಷ. ದೊಡ್ಡವರೆಲ್ಲ ಸತ್ತದ್ದರಿಂದ ಅಧಿಕಾರ ಅವನ ಕೈಗೆ ಬಂದಿದೆ. ಒಂಬತ್ತನೆಯ ಕಂತಿನಲ್ಲಿ ಅಮುರೊ ನಿದ್ದೆಯಿಲ್ಲದೆ, ಬಳಲಿ, ಇನ್ನು ಯಂತ್ರ ಹತ್ತುವುದಿಲ್ಲವೆಂದು ಹಟ ಹಿಡಿಯುತ್ತಾನೆ. ಬ್ರೈಟ್ ಅವನ ಕೆನ್ನೆಗೆ ಹೊಡೆಯುತ್ತಾನೆ. ಮತ್ತೆ ಹೊಡೆದಾಗ, ನಮ್ಮಪ್ಪನೂ ನನ್ನನ್ನು ಹೊಡೆದಿರಲಿಲ್ಲ ಎಂದು ಹುಡುಗ ಅರಚುತ್ತಾನೆ. ಏಟು ತಿನ್ನದೆ ದೊಡ್ಡವನಾದ ಗಂಡಸು ಎಲ್ಲಿದ್ದಾನೆ ಎಂಬ ಅರ್ಥದ ಉತ್ತರ ಬರುತ್ತದೆ. ಜಪಾನಿನಲ್ಲಿ ಈ ದೃಶ್ಯ ಬಹಳ ಪ್ರಸಿದ್ಧ, ಹಾಸ್ಯಕ್ಕೂ ಬಳಕೆಯಾಗಿದೆ. ನನಗೆ ಮಾತ್ರ ಇಲ್ಲಿ ಸರಣಿ ಯಾರ ಕಡೆ ನಿಂತಿದೆ ಎಂಬುದು ಅಸ್ಪಷ್ಟವಾಗಿಯೇ ಉಳಿಯುತ್ತದೆ. ಮಕ್ಕಳನ್ನು ಯುದ್ಧಕ್ಕೆ ದೂಡುವುದು ತಪ್ಪೆಂದು ಅದು ಪ್ರತಿ ಕಂತಿನಲ್ಲೂ ತೋರಿಸುತ್ತದೆ, ಜೊತೆಗೆ ಏಟು ತಿಂದ ಹುಡುಗ ಎದ್ದುಹೋಗಿ ಗೆದ್ದು ಬರುವುದನ್ನೂ ತೋರಿಸುತ್ತದೆ. ಅಭಿಮನ್ಯುವಿನ ಕತೆಯಲ್ಲಿ ನಮಗೆ ಈ ಗೊಂದಲವಿಲ್ಲ, ಏಕೆಂದರೆ ಅವನು ಹೊರಬರುವುದಿಲ್ಲ. ಚಕ್ರವ್ಯೂಹಕ್ಕೆ ಅವನನ್ನು ಕಳಿಸಿದ ದೊಡ್ಡಪ್ಪನ ತಲೆ ತಗ್ಗುತ್ತದೆ. ಅಮುರೊ ಪ್ರತಿ ವಾರ ಹೊರಬರುತ್ತಾನೆ, ಕಳಿಸಿದವರು ತಲೆ ತಗ್ಗಿಸಬೇಕಾದ ಪ್ರಸಂಗ ಮುಂದಿನ ವಾರಕ್ಕೆ ಹೋಗುತ್ತದೆ.

ಇದಕ್ಕೆ ಸರಣಿ ಕೊಡುವ ಒಳ್ಳೆಯ ಉತ್ತರ ಹದಿಮೂರನೆಯ ಕಂತಿನಲ್ಲಿದೆ. ಅಮುರೊ ಭೂಮಿಯಲ್ಲಿ ತನ್ನ ತಾಯಿಯನ್ನು ಕಾಣುತ್ತಾನೆ, ಆಕೆ ನಿರಾಶ್ರಿತರ ಶಿಬಿರದಲ್ಲಿ ಗಾಯಾಳುಗಳ ಸೇವೆ ಮಾಡುತ್ತಿದ್ದಾಳೆ. ಜಿಯೋನ್ ಸೈನಿಕರು ಹುಡುಕುತ್ತ ಬಂದಾಗ ಆಕೆ ಅವನನ್ನು ರೋಗಿಯಂತೆ ಮಲಗಿಸಿ ಹೊದಿಕೆ ಹೊದಿಸುತ್ತಾಳೆ. ಸೈನಿಕ ಹೊದಿಕೆಗೆ ಕೈಹಾಕುವ ಮೊದಲೇ ಒಳಗಿನಿಂದ ಗುಂಡು ಹಾರುತ್ತದೆ. ಅವರಿಗೂ ಮಕ್ಕಳಿರುತ್ತಾರಲ್ಲ, ಅಂಥವರ ಮೇಲೆ ಬಂದೂಕು ಹಿಡಿದೆಯಲ್ಲ, ಎಂಥ ಒರಟನಾದೆ ಎಂದು ತಾಯಿ ಹಲುಬುತ್ತಾಳೆ. ಯುದ್ಧವಲ್ಲವೇ ಎಂದು ಮಗ ಕೂಗುತ್ತಾನೆ. ಕೊನೆಗೆ ಹಡಗಿಗೆ ಹಿಂತಿರುಗುವಾಗ ಅವನು ತಾಯಿಯನ್ನು ಅಪ್ಪಿಕೊಳ್ಳುವುದಿಲ್ಲ, ಆರೋಗ್ಯ ನೋಡಿಕೊಳ್ಳಿ ಎಂದು ಹೇಳಿ ಸೈನಿಕನಂತೆ ಸೆಲ್ಯೂಟ್ ಹೊಡೆಯುತ್ತಾನೆ. ಬಗ್ಗಿ ಕಾಲು ಮುಟ್ಟಬೇಕಾದ ಕೈ ಹಣೆಗೆ ಹೋದದ್ದನ್ನು ಕಂಡು ನನ್ನ ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ನನ್ನ ಅಮ್ಮ, ಜಪಾನಿ ಒಂದಕ್ಷರ ಬಾರದವರು, ‘ಅಯ್ಯೋ’ ಎಂದರು.

ತಂದೆಯ ಕತೆ ಇನ್ನೂ ಕಠಿಣ. ಶೂನ್ಯಕ್ಕೆ ಬಿದ್ದ ಆತ ಸತ್ತಿರಲಿಲ್ಲ. ಎಷ್ಟೋ ಕಂತುಗಳಾದ ಮೇಲೆ ತಟಸ್ಥ ವಸಾಹತೊಂದರ ಬೀದಿಯಲ್ಲಿ ಮಗ ಅವನನ್ನು ಗುರುತಿಸುತ್ತಾನೆ. ಆಮ್ಲಜನಕವಿಲ್ಲದೆ ಮಿದುಳು ಕೆಟ್ಟಿದೆ. ಹೆಂಡತಿಯ ಸುದ್ದಿ ಹೇಳಿದರೆ ಅವನಿಗೆ ಬೇಕಿಲ್ಲ. ಇದನ್ನು ಗಂಡಮ್‌ಗೆ ಜೋಡಿಸು, ಅದರ ಶಕ್ತಿ ಎಷ್ಟೋ ಪಾಲು ಹೆಚ್ಚುತ್ತದೆ ಎಂದು ಹುಮ್ಮಸ್ಸಿನಿಂದ ಒಂದು ಬಿಡಿಭಾಗ ಕೊಡುತ್ತಾನೆ. ಅದು ಹಳತಾಗಿ ಮೂಲೆಗೆ ಬಿದ್ದ ತಂತ್ರದ ತುಂಡು ಎಂದು ಮಗನಿಗೆ ಕಂಡೊಡನೆ ತಿಳಿಯುತ್ತದೆ. ಹೊರಗೆ ಬಂದು ಅವನು ಅದನ್ನು ನೆಲಕ್ಕೆ ಬಡಿದು ಎಸೆಯುತ್ತಾನೆ. ಮೊದಲ ಕಂತಿನ ತೂತಿನ ಲೆಕ್ಕ ಇಲ್ಲಿ ಪೂರ್ತಿ ಆಗುತ್ತದೆ. ಒಂದು ಹೊಡೆತದ ಫಲವನ್ನು ಮೂವತ್ತು ಕಂತು ದೂರ ಹೊತ್ತು ತಂದು ಹೊಡೆದವನ ಕೈಯಲ್ಲೇ ಇಡುವ ಸರಣಿಯನ್ನು ಬರೀ ಕತ್ತಲ ವಿಲಾಸವೆಂದು ತಳ್ಳಿಹಾಕುವವರ ಜೊತೆ ನನಗೆ ಜಗಳವಿದೆ.

ಆದರೆ ರಾಜಕೀಯದ ವಿಷಯದಲ್ಲಿ ಜಗಳ ಸರಣಿಯ ಜೊತೆಗೇ. ಜಿಯೋನಿನವರ ಮೂಲ ದೂರು ಏನು? ಹೆಚ್ಚಾದ ಜನರನ್ನು ಭೂಮಿಯಿಂದ ಹೊರಗೆ ಸಾಗಿಸಿ, ಭೂಮಿಯಲ್ಲೇ ಉಳಿದ ಕೆಲವರು ಅಲ್ಲಿಂದ ಅವರನ್ನು ಆಳುತ್ತಿದ್ದಾರೆ ಎಂಬುದು. ವಸಾಹತಿನ ಆಳ್ವಿಕೆಯ ನೆನಪಿರುವ ನಮ್ಮಂಥವರಿಗೆ ಈ ದೂರು ಸುಲಭವಾಗಿ ಅರ್ಥವಾಗುತ್ತದೆ. ಸರಣಿ ಅದನ್ನು ಕೇಳಿಸಿಕೊಳ್ಳುವ ಮೊದಲೇ ಜಿಯೋನಿಗೆ ನಾಜಿಗಳ ಉಡುಪು ತೊಡಿಸಿ, ನಾಜಿಗಳ ಘೋಷಣೆ ಕೂಗಿಸಿಬಿಡುತ್ತದೆ. ಗಿರೆನ್ ಎಂಬ ಆಳುವ ಮನೆತನದ ಹಿರಿಯ ಮಗ ತಮ್ಮನ ಶವಸಂಸ್ಕಾರವನ್ನೇ ಯುದ್ಧಭಾಷಣ ಮಾಡುತ್ತಾನೆ. ಕೊನೆಗೆ ಅವನ ತಂದೆಯೇ ಅವನನ್ನು ಹಿಟ್ಲರನಿಗೆ ಹೋಲಿಸುತ್ತಾನೆ. ಹೀಗಾದಾಗ ನ್ಯಾಯವಾದ ಅಳಲೊಂದು ಕ್ರೂರ ಆಡಳಿತದ ಸೊತ್ತಾಗುವುದು ಹೇಗೆ ಎಂಬ ಪ್ರಶ್ನೆ, ನಿಜಕ್ಕೂ ಇಲ್ಲಿದ್ದ ಅತ್ಯಂತ ಕತ್ತಲ ಪ್ರಶ್ನೆ, ಉಡುಪಿನ ಹಿಂದೆ ಮರೆಯಾಗುತ್ತದೆ. ಉಡುಪು ಚೆಂದವಾಗಿರುವುದರಿಂದ ಅಭಿಮಾನಿಗಳು ಅದನ್ನೇ ಮೆಚ್ಚುವ ಅಪಾಯವೂ ಸೇರಿಕೊಳ್ಳುತ್ತದೆ.

ಜಿಯೋನ್ ಪಡೆಯಲ್ಲಿ ಶಾರ್ ಜೊತೆಗಿರುವ ಲಾಲಾಳ ವಿಷಯವನ್ನೂ ಹೇಳಬೇಕು. ಹಣೆಯಲ್ಲಿ ಬೊಟ್ಟಿಟ್ಟ, ಕಂದುಬಣ್ಣದ ಈ ಹುಡುಗಿಯನ್ನು ಕಂಡಾಗ ನಮಗೆ ನೆರೆಮನೆಯವಳನ್ನು ಕಂಡಂತಾಗುತ್ತದೆ. ಬಾಹ್ಯಾಕಾಶದಲ್ಲಿ ಬಾಳಿದ ಮನುಷ್ಯರಲ್ಲಿ ಕೆಲವರಿಗೆ ಇನ್ನೊಬ್ಬರ ಮನಸ್ಸು ಮಾತಿಲ್ಲದೆ ತಿಳಿಯುತ್ತದೆ, ಇಂಥವರು ಹೊಸ ಬಗೆಯ ಮನುಷ್ಯರು ಎಂದು ಸರಣಿ ಹೇಳುತ್ತದೆ. ಅವಳೂ ಅಮುರೊನೂ ಅಂಥವರು. ಇಬ್ಬರ ಮನಸ್ಸುಗಳೂ ರಣರಂಗದ ನಡುವೆ ಒಂದಾಗುತ್ತವೆ, ಮರುಗಳಿಗೆಯಲ್ಲಿ ಶಾರ್‌ನನ್ನು ಉಳಿಸಲು ಅಡ್ಡಬಂದ ಅವಳನ್ನು ಅಮುರೊನ ಕತ್ತಿಯೇ ಕೊಲ್ಲುತ್ತದೆ. ಪರರ ನೋವು ಅರಿಯಬಲ್ಲವರನ್ನು ಸೇನೆಗಳು ಗುರಿ ತಪ್ಪದ ಆಯುಧಗಳನ್ನಾಗಿ ಬಳಸುತ್ತವೆ ಎಂಬ ಕಲ್ಪನೆ ಅಸಾಮಾನ್ಯವಾದದ್ದು. ಅದರ ಭಾರವೆಲ್ಲ ಸಾಯಲೆಂದೇ ಬಂದ ಒಬ್ಬ ಹೆಣ್ಣಿನ ಮೇಲೆ ಬಿದ್ದದ್ದು ನನಗೆ ಒಪ್ಪಿಗೆಯಾಗದು. ಒಕ್ಕೂಟದ ಸರಬರಾಜು ಅಧಿಕಾರಿ ಮಟಿಲ್ಡಾ, ಜಿಯೋನ್ ಸೇನಾನಿಯೊಬ್ಬನ ಸಂಗಾತಿ ಹಾಮೊನ್, ತಮ್ಮ-ತಂಗಿಯ ಹೊಟ್ಟೆಪಾಡಿಗಾಗಿ ಬೇಹುಗಾರಿಕೆಗಿಳಿದ ಬೆಲ್‌ಫಾಸ್ಟಿನ ಮಿಹಾರು, ಎಲ್ಲರೂ ಗಂಡಸರ ಕಣ್ಣು ತೆರೆಸಲು ಸತ್ತವರು. ಇವರಲ್ಲಿ ಮಿಹಾರು ಒಬ್ಬಳಿಗೆ ಮಾತ್ರ ಸಾವಿನ ಹೊರಗೆ ಒಂದು ಮನೆ, ಒಂದು ಬಡತನ, ಕಾಯುವ ಇಬ್ಬರು ಮಕ್ಕಳು ಇವೆ. ಆದ್ದರಿಂದಲೇ ಅವಳ ಸಾವು ಉಳಿದವರದಕ್ಕಿಂತ ಹೆಚ್ಚು ಕಾಡುತ್ತದೆ.

ಕಣ್ಣಳತೆಯ ಯುದ್ಧವೆಂದು ಆರಂಭಿಸಿದ ಸರಣಿ ಕೊನೆಯಲ್ಲಿ ತನ್ನ ನಿಯಮವನ್ನು ತಾನೇ ಮುರಿಯುತ್ತದೆ. ಒಕ್ಕೂಟದವರು ಲೆಕ್ಕವಿಲ್ಲದಷ್ಟು ಕನ್ನಡಿಗಳನ್ನು ಹರಡಿ ಬಿಸಿಲನ್ನು ಒಟ್ಟುಗೂಡಿಸಿ ಜಿಯೋನಿನ ಸೊಲೊಮನ್ ಕೋಟೆಯನ್ನು ಸುಡುತ್ತಾರೆ. ಜಿಯೋನಿನವರು ಒಂದು ವಸಾಹತಿನ ಜನರನ್ನು ಎಬ್ಬಿಸಿ ಕಳಿಸಿ, ಆ ಊರನ್ನೇ ಒಂದು ಫಿರಂಗಿಯ ಕೊಳವೆಯಾಗಿ ಮಾಡುತ್ತಾರೆ. ಅದರ ಒಂದೇ ಹೊಡೆತಕ್ಕೆ ಒಕ್ಕೂಟದ ನೌಕಾಸಮೂಹವೂ, ಸಂಧಿ ಮಾತನಾಡಲು ಹೋಗಿದ್ದ ಗಿರೆನ್‌ನ ತಂದೆಯೂ ಬೂದಿಯಾಗುತ್ತಾರೆ. ಮಿನೊವ್ಸ್ಕಿ ಕಣ ಕುರುಡಾಗಿಸುವುದು ರೇಡಾರನ್ನು ಮಾತ್ರ, ನೇರ ಬೆಳಕನ್ನಲ್ಲ. ತರ್ಕದಲ್ಲಿ ಇದು ತಪ್ಪಲ್ಲ. ಆದರೆ ಇಂಥ ಆಯುಧ ಇರುವ ಲೋಕದಲ್ಲಿ ಹತ್ತಿರ ಬಂದು ಕತ್ತಿ ಹಿಡಿಯುವವನಿಗೆ ಯಾವ ಬೆಲೆ ಎಂದು ಸರಣಿ ಯಾರಿಂದಲೂ ಕೇಳಿಸುವುದಿಲ್ಲ. ಅರ್ಧ ಮನುಕುಲ ಸತ್ತದ್ದೂ ಹೀಗೆಯೇ, ದೂರದಿಂದ, ವಸಾಹತೊಂದನ್ನು ಭೂಮಿಯ ಮೇಲೆ ಕೆಡವಿದಂಥ ದಾಳಿಗಳಿಂದ, ಮುಖ ಕಾಣದವರ ಕೈಯಿಂದ. ಆ ಸಾವುಗಳನ್ನು ತೋರಿಸಲು ಸರಣಿಯ ಬಳಿ ಚಿತ್ರಭಾಷೆಯಿಲ್ಲ, ನಿರೂಪಕನ ಒಂದು ವಾಕ್ಯವಿದೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಈ ಸರಣಿಯನ್ನು ಉಳಿಸಿದ್ದು 1980ರಲ್ಲಿ ಬಂದಾಯ್ ಕಂಪನಿ ಹೊರತಂದ ಮುನ್ನೂರು ಯೆನ್ನಿನ ಪ್ಲಾಸ್ಟಿಕ್ ಜೋಡಣೆಯ ಮಾದರಿಗಳು. ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ತಂಗಿಯ ಮಗ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಒಂದು ಝಾಕುವನ್ನು ಕಟ್ಟಿದ. ಕಟ್ಟಿ ಮುಗಿಸಿ, ಹಸಿರು ಬಣ್ಣದ ಮೇಲೆ ಸ್ಪಂಜಿನಿಂದ ಕಂದುಬಣ್ಣ ಒತ್ತಿ ತುಕ್ಕು ಹಿಡಿಸಿದ. ಗಾಳಿಯಿಲ್ಲದ ಕಡೆ ತುಕ್ಕು ಎಲ್ಲಿಂದ ಬರುತ್ತದೆಂದು ಕೇಳಿದರೆ, ಇದು ಭೂಮಿಗಿಳಿದ ಝಾಕು ಮಾವ ಎಂದ. ಆಮೇಲೆ ಸೂಜಿಯೊಂದನ್ನು ದೀಪಕ್ಕೆ ಹಿಡಿದು ಕಾಯಿಸಿ, ಅದರ ಎದೆಯಲ್ಲಿ ಒಂದು ತೂತು ಮಾಡಿ, ಅಂಚಿಗೆ ಕಪ್ಪು ಬಳಿದ. ಕತ್ತಿ ಇಳಿದದ್ದು ಇಲ್ಲೇ ಅಲ್ಲವೇ ಎಂದು ನನ್ನನ್ನೇ ಕೇಳಿದ. ಹೌದೆಂದೆ. ತೂತಿನೊಳಗೆ ಯಾರಿದ್ದರೆಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕುಶಲವಾದ ಕೆಲಸ, ಈಗಲೂ ನನ್ನ ಪುಸ್ತಕದ ಕಪಾಟಿನಲ್ಲಿ ನಿಂತಿದೆ.

ಕೊನೆಯ ಕಂತಿನಲ್ಲಿ ಗಂಡಮ್ ತಲೆಯನ್ನೂ ಕೈಯನ್ನೂ ಕಳೆದುಕೊಂಡು ಬಿದ್ದ ಮೇಲೆ, ಅಮುರೊ ಅದರ ಒಡಲಿನಲ್ಲಿದ್ದ ಪುಟ್ಟ ವಿಮಾನದಲ್ಲಿ ಉರಿಯುತ್ತಿರುವ ಜಿಯೋನಿನ ಮತ್ತೊಂದು ಕೋಟೆಯಿಂದ ಹೊರಬರುತ್ತಾನೆ. ತೇಲುವ ದೋಣಿಯಲ್ಲಿ ಅವನ ಗೆಳೆಯರು ಕಾಯುತ್ತಿದ್ದಾರೆ. ಹಡಗಿನಲ್ಲಿ ಬೆಳೆದ ಮೂವರು ಪುಟ್ಟ ಮಕ್ಕಳು ಅವನು ಬರುವ ದಿಕ್ಕನ್ನು ಎಲ್ಲರಿಗಿಂತ ಮೊದಲು ಅರಿತು ಕರೆಯುತ್ತಾರೆ. ಹಿಂತಿರುಗಲು ನನಗೆ ಇನ್ನೂ ಒಂದು ಜಾಗವಿದೆ ಎಂದು ಅವನು ಅಳುತ್ತ ಅವರತ್ತ ಕೈ ಚಾಚುತ್ತಾನೆ. ಆ ಹೊತ್ತಿಗೆ, ಮೊದಲ ಕಂತಿನಲ್ಲಿ ಅರ್ಧ ಮನುಕುಲದ ಸಾವನ್ನು ಓದಿದ ಅದೇ ನಿರೂಪಕ, ಹೊಸ ವರ್ಷದ ಮೊದಲ ದಿನ ಎರಡೂ ಪಕ್ಷಗಳ ನಡುವೆ ಸಂಧಿಯಾಯಿತೆಂದು ಅದೇ ದನಿಯಲ್ಲಿ ಓದುತ್ತಾನೆ. ದೋಣಿಯಲ್ಲಿದ್ದವರಾರಿಗೂ ಅದು ಕೇಳಿಸುವುದಿಲ್ಲ.